ಬೆನ್ನಿಗೆ ಯಾವ ಚೀಲ, ಸೊಂಟಕ್ಕೆ ಯಾವ ಪಟ್ಟಿ? ಎರಡನೇ ಮಹಾಯುದ್ಧದ ಭಾರತೀಯ ಸಿಪಾಯಿಯಾಗಿ ಮೈದಾನಕ್ಕೆ ಇಳಿಯುವವರಿಗೆ

ಬ್ರಿಟನ್ನಿನಲ್ಲಿರುವ ನಮ್ಮವರು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ. "ರೀಎನಾಕ್ಟ್‌ಮೆಂಟ್ ಗುಂಪಿಗೆ ಸೇರಿದ್ದೇನೆ. ಬಟ್ಟೆ ಸಿಕ್ಕಿತು, ಬೂಟೂ ಸಿಕ್ಕಿತು. ಸಾಮಾನು ಮಾತ್ರ ಯಾವುದರಲ್ಲಿ ಹೊರಬೇಕು ಅಂತ ಗೊತ್ತಾಗ್ತಿಲ್ಲ. ಅಂಗಡಿಯಲ್ಲಿ ನೋಡಿದರೆ ಪಟ್ಟಿ, ಕೊಕ್ಕೆ, ಚೀಲಗಳ ರಾಶಿ. ಯಾವುದು ತಗೊಳ್ಳಲಿ?" ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಈ ಹವ್ಯಾಸ ಹೊಸದಾಗಿರುವವರಿಗೆ ಒಂದು ಮಾತು. ಹಿಂದಿನ ಯುದ್ಧವೊಂದರ ಸೈನಿಕರ ದಿನಗಳನ್ನು ಅದೇ ಉಡುಪು, ಅದೇ ಸಾಮಾನು ಇಟ್ಟುಕೊಂಡು ಮೈದಾನದಲ್ಲಿ ಮತ್ತೆ ಮಾಡಿ ತೋರಿಸುವುದೇ ರೀಎನಾಕ್ಟ್‌ಮೆಂಟ್. ನೋಡಲು ಬರುವ ಜನ ಹತ್ತಿರ ನಿಂತು ಮುಟ್ಟಿ ನೋಡುತ್ತಾರೆ, ಪ್ರಶ್ನೆ ಕೇಳುತ್ತಾರೆ. ಭಾರತೀಯ ಸಿಪಾಯಿಯನ್ನು ಕಂಡರಂತೂ ಪ್ರಶ್ನೆ ಇನ್ನೂ ಜಾಸ್ತಿ. ಯುರೋಪಿನಲ್ಲಿ ಭಾರತೀಯರು ಹೋರಾಡಿದ್ದರು ಅನ್ನುವುದೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಆದ್ದರಿಂದ ನಿಮ್ಮ ಬೆನ್ನ ಮೇಲಿರುವುದು ಸರಿಯಾಗಿರಬೇಕು.

ಉದಾಹರಣೆಗೆ ನಾನು 1944ರ ಇಟಲಿಯಲ್ಲಿದ್ದ 5ನೇ ಮರಾಠಾ ಲೈಟ್ ಇನ್‌ಫೆಂಟ್ರಿಯ ಒಬ್ಬ ರೈಫಲ್‌ಧಾರಿ ಸಿಪಾಯಿಯನ್ನು ತೆಗೆದುಕೊಳ್ಳುತ್ತೇನೆ. ಈ ರೆಜಿಮೆಂಟಿನ ಕೇಂದ್ರ 1922ರಿಂದ ನಮ್ಮ ಬೆಳಗಾವಿಯಲ್ಲಿದೆ. ಇಟಲಿಯಲ್ಲಿ ಇದರ ಇಬ್ಬರಿಗೆ ವಿಕ್ಟೋರಿಯಾ ಕ್ರಾಸ್ (ಶೌರ್ಯಕ್ಕೆ ಬ್ರಿಟನ್ ಕೊಡುವ ಅತಿ ದೊಡ್ಡ ಪದಕ) ಬಂತು. ಒಬ್ಬರು ನಾಯಕ್ ಯಶವಂತ ಘಾಡ್ಗೆ, 1944ರ ಜುಲೈ 10ರ ಕಾಳಗಕ್ಕೆ. ಇನ್ನೊಬ್ಬರು ಸಿಪಾಯಿ ನಾಮದೇವ ಜಾಧವ, 1945ರ ಏಪ್ರಿಲ್ 9ರ ಕಾಳಗಕ್ಕೆ. ಬೇರೆ ರೆಜಿಮೆಂಟ್ ಆರಿಸಿಕೊಂಡವರಿಗೂ ಕೆಳಗಿನ ಹಂತಗಳು ಹೊಂದುತ್ತವೆ.

1. ಮೊದಲು ತಾರೀಕು, ಜಾಗ, ಕೆಲಸ

ಒಂದು ಹಾಳೆ ತೆಗೆದುಕೊಳ್ಳಿ. ಯಾವ ವರ್ಷ, ಯಾವ ದೇಶ, ಸೈನ್ಯದಲ್ಲಿ ನಿಮ್ಮ ಕೆಲಸ ಏನು, ಈ ಮೂರನ್ನು ಬರೆಯಿರಿ. ಇದು ತೀರ್ಮಾನವಾಗುವ ತನಕ ಒಂದು ಬಕಲ್ ಕೂಡ ಕೊಳ್ಳಬೇಡಿ.

ಯಾಕೆ ಅಂದರೆ ಈ ಮೂರರಲ್ಲಿ ಒಂದು ಬದಲಾದರೂ ಸಾಮಾನು ಬದಲಾಗುತ್ತದೆ. 1941ರಲ್ಲಿ ಎರಿಟ್ರಿಯಾದ ಕೆರೆನ್ ಬೆಟ್ಟಗಳಲ್ಲಿದ್ದವನ ಮೈಮೇಲೆ ಖಾಕಿ ನೂಲಿನ ಅಂಗಿ, ಚಡ್ಡಿ. ಪಟ್ಟಿಗಳು ಬಿಸಿಲಿಗೆ ಬಿಳಿಚಿಕೊಂಡಿರುತ್ತಿದ್ದವು. 1944ರ ಚಳಿಗಾಲದಲ್ಲಿ ಇಟಲಿಯಲ್ಲಿದ್ದವನು ದಪ್ಪ ಉಣ್ಣೆಯ ಉಡುಪಿನ ಮೇಲೆ ಅದೇ ಪಟ್ಟಿ ಬಿಗಿಯುತ್ತಿದ್ದ, ಆದರೆ ಅಳತೆಯೇ ಬೇರೆ. ಬರ್ಮಾದ ಕಾಡಿನಲ್ಲಿದ್ದವನ ಪಟ್ಟಿಗೆ ಗಾಢ ಹಸಿರು ಬಣ್ಣ.

ಕೆಲಸವೂ ಅಷ್ಟೇ ಮುಖ್ಯ. ರೈಫಲ್ ಹಿಡಿದವನಿಗೆ ಎದೆಯ ಕೆಳಗೆ ಎರಡು ದೊಡ್ಡ ಪೌಚು. ಅಧಿಕಾರಿಗೆ ಪಿಸ್ತೂಲಿನ ಚೀಲ, ದುರ್ಬೀನಿನ ಚೀಲ, ದಿಕ್ಸೂಚಿಯ ಸಣ್ಣ ಪೌಚು. ಬ್ರೆನ್ ಗನ್ (ಎರಡು ಕಾಲಿನ ಮೇಲೆ ನಿಲ್ಲುವ ಹಗುರ ಮಷಿನ್ ಗನ್) ತಂಡದ ಎರಡನೆಯವನಿಗೆ ಬದಲಿ ನಳಿಗೆಯ ಉದ್ದ ಚೀಲ. "ಎಲ್ಲಾ ಸ್ವಲ್ಪ ಸ್ವಲ್ಪ ಇಟ್ಕೊಳ್ತೀನಿ" ಅಂದರೆ ಆಗದು. ಅಂಥ ಸಿಪಾಯಿ ಯಾವ ಪ್ಲಟೂನಿನಲ್ಲೂ ಇರಲಿಲ್ಲ.

ಬ್ರಿಟನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ತನ್ನ ಸಂಗ್ರಹದ ಫೋಟೋಗಳನ್ನು ಆನ್‌ಲೈನಿನಲ್ಲಿ ಇಟ್ಟಿದೆ. ಭಾರತೀಯ ಪಡೆಗಳ ಫೋಟೋಗಳೂ ಅಲ್ಲಿ ಬೇಕಾದಷ್ಟಿವೆ. ನಿಮ್ಮ ವರ್ಷ, ನಿಮ್ಮ ದೇಶದ ಫೋಟೋಗಳನ್ನು ಹುಡುಕಿ. ಮುಖ ನೋಡಿಕೊಂಡು ಮುಂದೆ ಹೋಗಬೇಡಿ. ಸೊಂಟ ನೋಡಿ, ತೋಳಿನ ಕೆಳಗೆ ನೋಡಿ. ಬೆನ್ನು ಕಾಣುವ ಫೋಟೋ ಸಿಕ್ಕರೆ ಅದನ್ನು ಪ್ರಿಂಟ್ ಹಾಕಿಸಿ ಇಟ್ಟುಕೊಳ್ಳಿ. ಅಂಥವು ಕಡಿಮೆ, ಆದರೆ ಕಲಿಸುವುದು ಅವೇ. ವರ್ಷ ಗೊತ್ತಿಲ್ಲದ ಫೋಟೋವನ್ನು, ಸಿನಿಮಾದ ದೃಶ್ಯವನ್ನು ಮಾತ್ರ ಆಧಾರ ಅಂತ ಹಿಡಿಯಬೇಡಿ.

2. ಎಷ್ಟು ಹೊರಬೇಕು ಅಂತ ತೀರ್ಮಾನಿಸಿ

ಬ್ರಿಟಿಷ್ ಮತ್ತು ಭಾರತೀಯ ಸೇನೆಯ ಕಾಲಾಳುಗಳು ಆ ಯುದ್ಧದಲ್ಲಿ ಹೆಚ್ಚಾಗಿ ಬಳಸಿದ್ದು 1937ರ ಮಾದರಿಯ ವೆಬ್ಬಿಂಗ್. ವೆಬ್ಬಿಂಗ್ ಅಂದರೆ ದಪ್ಪ ನೂಲಿನಿಂದ ಗಟ್ಟಿಯಾಗಿ ನೇಯ್ದ ಪಟ್ಟಿ ಮತ್ತು ಚೀಲಗಳು. ಹಿತ್ತಾಳೆಯ ಬಕಲ್, ಕೊಕ್ಕೆಗಳಿಂದ ಒಂದಕ್ಕೊಂದು ಸೇರುತ್ತವೆ. ಬೇಕಾದ್ದನ್ನು ಸೇರಿಸಿ, ಬೇಡದ್ದನ್ನು ಕಳಚಿ ಇಡಬಹುದು. ಅದನ್ನು ಮುಖ್ಯವಾಗಿ ಮೂರು ರೀತಿ ಹಾಕಿಕೊಳ್ಳುತ್ತಿದ್ದರು.

ಬರೀ ಬೆಲ್ಟು, ಅದಕ್ಕೊಂದು ಬಯೋನೆಟ್ಟಿನ (ರೈಫಲಿನ ತುದಿಗೆ ಸಿಕ್ಕಿಸುವ ಕತ್ತಿ) ಒರೆ. ಇದು ಶಿಬಿರದಲ್ಲಿ ಓಡಾಡಲು, ಕಾವಲು ನಿಲ್ಲಲು.

ಬೆಲ್ಟು, ಹೆಗಲುಪಟ್ಟಿ, ಎರಡು ಪೌಚು, ನೀರಿನ ಬಾಟಲಿ, ಬೆನ್ನ ಮೇಲೆ ಸಣ್ಣ ಪ್ಯಾಕ್. ಇದು ಕಾಳಗಕ್ಕೆ ಹೋಗುವ ಸಜ್ಜು.

ಮೂರನೆಯದರಲ್ಲಿ ಬೆನ್ನ ಮೇಲೆ ದೊಡ್ಡ ಪ್ಯಾಕ್ ಬರುತ್ತದೆ, ಸಣ್ಣ ಪ್ಯಾಕ್ ಎಡಗಡೆ ಸೊಂಟಕ್ಕೆ ಇಳಿಯುತ್ತದೆ. ಇದು ಇಡೀ ಮನೆ ಹೊತ್ತು ಊರು ಬದಲಿಸುವಾಗಿನ ಸಜ್ಜು.

ಹೊಸಬರು ಹಾತೊರೆಯುವುದು ಈ ಮೂರನೆಯದಕ್ಕೇ. ದೊಡ್ಡದಾಗಿ ಕಾಣುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ. ನನ್ನ ಸಲಹೆ ಎರಡನೆಯದು, ಅದೂ ಎರಡು ಮಾತಿಲ್ಲದೆ. ಯುದ್ಧದಲ್ಲಿ ಕೋಟು, ಕಂಬಳಿ ತುಂಬಿದ ದೊಡ್ಡ ಪ್ಯಾಕನ್ನು ಆದಷ್ಟೂ ಲಾರಿಯಲ್ಲೇ ಬಿಟ್ಟು ಹೋಗುತ್ತಿದ್ದರು. ಅದನ್ನು ಹೊತ್ತು ಗುಂಡಿನ ಎದುರು ಓಡುವುದನ್ನು ತೋರಿಸಿದರೆ ನೋಡುವವರಿಗೆ ತಪ್ಪು ಚಿತ್ರ ಹೋಗುತ್ತದೆ. ನಿಮ್ಮ ಸೊಂಟಕ್ಕೂ ಒಳ್ಳೆಯದಲ್ಲ. ಮೊದಲ ವರ್ಷ ದೊಡ್ಡ ಪ್ಯಾಕ್ ಕೊಳ್ಳಲೇಬೇಡಿ.

3. ಕೊಳ್ಳುವ ಮುಂಚೆ ಮುದ್ರೆ ಓದಿ

ಕೊಳ್ಳುವ ಕ್ರಮ ಹೀಗಿರಲಿ: ಬೆಲ್ಟು, ಹೆಗಲುಪಟ್ಟಿಯ ಜೋಡಿ, ಪೌಚಿನ ಜೋಡಿ, ನೀರಿನ ಬಾಟಲಿ ಮತ್ತು ಅದರ ಹಿಡಿಕೆ, ಬಯೋನೆಟ್ಟಿನ ಫ್ರಾಗ್ (ಒರೆಯನ್ನು ಬೆಲ್ಟಿಗೆ ತೂಗುಹಾಕುವ ತುಂಡು), ಕೊನೆಗೆ ಸಣ್ಣ ಪ್ಯಾಕ್ ಮತ್ತು ಅದರ ಎರಡು ಪಟ್ಟಿ. ಪ್ಯಾಕ್ ಕೊಂಡು ಪಟ್ಟಿ ಮರೆಯುವವರು ಬಹಳ. ಆ ಪಟ್ಟಿಗಳು ಬೇರೆಯೇ ಬರುತ್ತವೆ, ನೋಡಲು ಎಲ್ ಆಕಾರ.

ಹಳೆಯ ಅಸಲಿ ಸಾಮಾನಿನ ಒಳಮುಖದಲ್ಲಿ ತಯಾರಕರ ಹೆಸರು, ವರ್ಷದ ಮುದ್ರೆ ಇರುತ್ತದೆ. ಅದನ್ನು ಓದದೆ ದುಡ್ಡು ಕೊಡಬೇಡಿ. ಜನ ಮೋಸ ಹೋಗುವುದು ಎಲ್ಲಿ ಅಂತ ಹೇಳುತ್ತೇನೆ.

ಎಬಿಎಲ್ ಅನ್ನುವ ಮುದ್ರೆ ಇದ್ದರೆ ಅದು ಯುದ್ಧದ ನಂತರ ಬೆಲ್ಜಿಯಂ ಸೇನೆಗೆ ಮಾಡಿದ್ದು. ಮಾದರಿ ಇದೇ, ಅಗ್ಗವಾಗಿ ಸಿಗುತ್ತದೆ. ಶುರುವಿಗೆ ಪರವಾಗಿಲ್ಲ, ಆದರೆ ಯುದ್ಧಕಾಲದ್ದು ಅಂತ ನಂಬಿ ಹೆಚ್ಚು ಬೆಲೆ ಕೊಡಬೇಡಿ. ನೀಲಿ ಛಾಯೆಯ ಬೂದು ಬಣ್ಣದ್ದು ಕಂಡರೆ ಅದು ವಾಯುಪಡೆಯದು. ಬಣ್ಣ ಬಳಿದು ಖಾಕಿ ಮಾಡಿಕೊಳ್ಳೋಣ ಅನ್ನಬೇಡಿ, ಒಳಗಿನ ನೀಲಿ ಇಣುಕುತ್ತಲೇ ಇರುತ್ತದೆ. ಭಾರತದಲ್ಲಿ ತಯಾರಾದದ್ದು ಸಿಕ್ಕರೆ ನಮ್ಮ ಸಿಪಾಯಿಗೆ ಅದಕ್ಕಿಂತ ಒಪ್ಪುವುದು ಇಲ್ಲ. ಆದರೆ ಸ್ವಾತಂತ್ರ್ಯದ ನಂತರವೂ ನಮ್ಮ ಸೇನೆ ಈ ಮಾದರಿಯನ್ನು ಬಹಳ ಕಾಲ ಬಳಸಿತು. ಹಾಗಾಗಿ ವರ್ಷ ನೋಡುವುದು ಇಲ್ಲಿ ಇನ್ನೂ ಮುಖ್ಯ.

ಅಸಲಿಯೋ, ಹೊಸದಾಗಿ ಮಾಡಿದ ನಕಲೋ? ಭಾರ ಹೊರುವ ಪಟ್ಟಿಗಳು ಹೊಸವಾಗಿರಲಿ ಅನ್ನುವುದು ನನ್ನ ಅಭಿಪ್ರಾಯ. ಎಂಬತ್ತು ವರ್ಷದ ನೂಲು ಹೊರಗೆ ಗಟ್ಟಿಯಾಗಿ ಕಂಡರೂ ಬಕಲ್ ಉಜ್ಜುವ ಜಾಗದಲ್ಲಿ ಸತ್ತಿರುತ್ತದೆ. ಅಸಲಿ ತುಂಡುಗಳನ್ನು ಜನರಿಗೆ ತೋರಿಸಲು ಮೇಜಿನ ಮೇಲೆ ಇಡಿ. ಅವು ಮತ್ತೆ ಹುಟ್ಟುವುದಿಲ್ಲ, ಕೆಸರಿನಲ್ಲಿ ಹೊರಳಾಡಿಸಿ ಹಾಳು ಮಾಡುವುದು ಬೇಡ. ನಕಲು ಕೊಳ್ಳುವಾಗ ಪಟ್ಟಿಯನ್ನು ಕೈಯಲ್ಲಿ ಮಡಚಿ ನೋಡಿ. ಒಳ್ಳೆಯದು ಮಡಚಿದರೆ ಎದುರಾಡುತ್ತದೆ. ಸುಮ್ನೆ ಬಟ್ಟೆಯ ಹಾಗೆ ಬಾಗಿದರೆ ಬಿಟ್ಟುಬಿಡಿ. ಪಟ್ಟಿಯ ತುದಿಗೆ ಲೋಹದ ಟೊಪ್ಪಿ ಗಟ್ಟಿಯಾಗಿ ಕೂತಿದೆಯೇ ಅಂತ ಎಳೆದು ನೋಡಿ.

4. ಬೆಲ್ಟಿನ ಅಳತೆ

ಅಳತೆಯನ್ನು ಅಂಗಿಯ ಮೇಲೆ ತೆಗೆಯಬೇಡಿ. ಮೈದಾನದಲ್ಲಿ ಹಾಕುವ ಉಣ್ಣೆಯ ಉಡುಪು ಪೂರ್ತಿ ಹಾಕಿಕೊಂಡು ತೆಗೆಯಿರಿ. ಆ ಉಣ್ಣೆ ಎಷ್ಟು ದಪ್ಪ ಅಂದರೆ, ಪ್ಯಾಂಟಿಗೆ ಸರಿಹೋದ ಬೆಲ್ಟು ಅದರ ಮೇಲೆ ಕೂಡುವುದೇ ಇಲ್ಲ. ಬೆಲ್ಟು ಸಾಧಾರಣ, ದೊಡ್ಡದು ಅಂತ ಬೇರೆ ಬೇರೆ ಅಳತೆಯಲ್ಲಿ ಬರುತ್ತಿತ್ತು. ಸಂಶಯವಿದ್ದರೆ ದೊಡ್ಡದು ತೆಗೆದುಕೊಳ್ಳಿ.

ಈ ಬೆಲ್ಟನ್ನು ಎರಡೂ ತುದಿಯಿಂದ ಚಿಕ್ಕದು ಮಾಡಬಹುದು. ತುದಿಯಲ್ಲಿರುವ ಕೊಕ್ಕೆಯನ್ನು ಒಳಮುಖದ ನೇಯ್ಗೆಯ ಸಂದಿಗೆ ಸಿಕ್ಕಿಸಬೇಕು. ಇಲ್ಲೊಂದು ತಪ್ಪು ಎಲ್ಲರೂ ಮಾಡುತ್ತಾರೆ. ಒಂದೇ ಕಡೆಯಿಂದ ಎಳೆದು ಬಿಗಿ ಮಾಡುತ್ತಾರೆ. ಆಗ ಬೆಲ್ಟಿನ ಹಿಂದೆ ಇರುವ ಎರಡು ಸಣ್ಣ ಬಕಲ್ ಬೆನ್ನಿನ ನಡುವೆ ನಿಲ್ಲದೆ ಪಕ್ಕಕ್ಕೆ ಸರಿಯುತ್ತವೆ. ಹೆಗಲುಪಟ್ಟಿ ಸೇರುವುದು ಆ ಬಕಲ್‌ಗಳಿಗೇ. ಅವು ಓರೆಯಾದರೆ ಮುಂದಿನದೆಲ್ಲ ಓರೆ. ಎರಡೂ ಕಡೆ ಸಮನಾಗಿ ಕಡಿಮೆ ಮಾಡಿ, ಹಿಂದಿನ ಬಕಲ್‌ಗಳು ಬೆನ್ನುಮೂಳೆಯ ಆ ಕಡೆ ಈ ಕಡೆ ಸಮ ದೂರದಲ್ಲಿ ಇವೆಯಾ ಅಂತ ಯಾರ ಹತ್ತಿರವಾದರೂ ನೋಡಿಸಿ.

ಉಸಿರು ಪೂರ್ತಿ ಎಳೆದುಕೊಂಡಾಗ ಎರಡು ಬೆರಳು ತೂರುವಷ್ಟು ಸಡಿಲ ಇರಲಿ.

5. ಪೌಚು, ಹೆಗಲುಪಟ್ಟಿ: ಇಲ್ಲಿ ನಿಧಾನ ಮಾಡಿ

ಇಡೀ ಸಜ್ಜಿನ ಪ್ರಾಣ ಇರುವುದು ಇಲ್ಲೇ.

ಪೌಚಿನ ಹಿಂದೆ ಬೆಲ್ಟಿಗೆ ಕಚ್ಚಿಕೊಳ್ಳುವ ಹಿತ್ತಾಳೆ ಕೊಕ್ಕೆಗಳಿವೆ. ಎರಡು ಪೌಚನ್ನೂ ಬೆಲ್ಟಿಗೆ ಸಿಕ್ಕಿಸಿ. ನಡುವಿನ ಬಕಲ್ ಬಿಚ್ಚಲು ಕೈ ಆಡುವಷ್ಟು ಜಾಗ ಬಿಡಿ. ತೀರಾ ಪಕ್ಕಕ್ಕೆ ತಳ್ಳಿದರೆ ತೋಳು ತಾಗುತ್ತದೆ, ತೀರಾ ನಡುವೆ ಇಟ್ಟರೆ ಬಗ್ಗಲಾಗುವುದಿಲ್ಲ.

ಈಗ ಹೆಗಲುಪಟ್ಟಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಒಂದು ಕುಣಿಕೆ ಹೊಲಿದಿರುತ್ತದೆ, ಇನ್ನೊಂದರಲ್ಲಿ ಇಲ್ಲ. ಇಲ್ಲದ್ದನ್ನು ಕುಣಿಕೆಯೊಳಗೆ ತೂರಿಸಬೇಕು. ಬೆನ್ನಿನ ಮೇಲೆ ಪಟ್ಟಿಗಳು ಅಡ್ಡ ಹಾಯುವ ಜಾಗ ಅದು. ಎಡ ಹೆಗಲಿನ ಪಟ್ಟಿ ಹಿಂದೆ ಬಲಗಡೆಯ ಬಕಲಿಗೆ, ಬಲ ಹೆಗಲಿನದು ಎಡಗಡೆಯ ಬಕಲಿಗೆ ಹೋಗುತ್ತದೆ. ಕುಣಿಕೆಯಿಲ್ಲದ ಎರಡು ಪಟ್ಟಿ ಕೊಟ್ಟು ಜೋಡಿ ಅಂತ ಮಾರುವವರಿದ್ದಾರೆ, ಕೊಳ್ಳುವಾಗಲೇ ನೋಡಿಕೊಳ್ಳಿ. ಕುಣಿಕೆ ಇಲ್ಲದಿದ್ದರೆ ಓಡುವಾಗ ಪಟ್ಟಿ ಹೆಗಲಿನಿಂದ ಜಾರುತ್ತದೆ.

ಮುಂದಿನ ತುದಿಗಳನ್ನು ಪೌಚಿನ ಮೇಲಿರುವ ಬಕಲಿನ ಮೂಲಕ ಎಳೆದು ಬೆಲ್ಟಿನ ಕೆಳಗೆ ಇಳಿಬಿಡಿ. ಹಿಂದಿನ ತುದಿಗಳೂ ಹಾಗೇ ಇಳಿಯುತ್ತವೆ. ಈಗ ನಿಮ್ಮ ಸೊಂಟದ ಎರಡೂ ಕಡೆ, ಮುಂದೊಂದು ಹಿಂದೊಂದು ಬಾಲ ನೇತಾಡುತ್ತಿರುತ್ತದೆ. "ಇದು ಜಾಸ್ತಿ ಉಳಿದಿದೆ, ಕತ್ತರಿಸಲಾ?" ಅಂತ ಕೇಳುತ್ತಾರೆ. ದಯವಿಟ್ಟು ಬೇಡ! ನೀರಿನ ಬಾಟಲಿ ತೂಗುವುದು ಆ ಬಾಲಗಳಿಗೇ.

ಕನ್ನಡಿಯ ಮುಂದೆ ನಿಂತು ನೋಡಿ. ಬೆಲ್ಟು ಮುಂದೆಯೂ ಹಿಂದೆಯೂ ಒಂದೇ ಎತ್ತರದಲ್ಲಿ ಇರಬೇಕು. ಪೌಚುಗಳಿಗೆ ಭಾರ ತುಂಬಿ ಮತ್ತೆ ನೋಡಿ. ಮುಂದೆ ಜೋತುಬಿದ್ದರೆ ಮುಂದಿನ ಪಟ್ಟಿ ಎಳೆಯಿರಿ.

ಪೌಚಿನಲ್ಲಿ ಏನು? ಇದು ಬ್ರೆನ್ ಗನ್ನಿಗಾಗಿ ರೂಪಿಸಿದ ಪೌಚು. ಒಂದು ಸೆಕ್ಷನ್ನಿನ (ಪ್ಲಟೂನಿನೊಳಗಿನ ಸಣ್ಣ ತುಕಡಿ) ಪ್ರತಿ ಸಿಪಾಯಿಯೂ ತನ್ನ ಗುಂಡಿನ ಜೊತೆಗೆ ಬ್ರೆನ್ನಿನ ಮ್ಯಾಗಜೀನನ್ನೂ (ಗನ್ನಿಗೆ ಸಿಕ್ಕಿಸುವ ಗುಂಡಿನ ಡಬ್ಬಿ) ಹೊರುತ್ತಿದ್ದ. ಮ್ಯಾಗಜೀನಿಗೆ 30 ಗುಂಡು ಹಿಡಿಸುತ್ತದೆ, ಸಿಕ್ಕಿಕೊಳ್ಳಬಾರದು ಅಂತ 28 ತುಂಬುವುದು ರೂಢಿಯಲ್ಲಿತ್ತು. ತನ್ನ ರೈಫಲಿನ ಗುಂಡನ್ನು ಅವನು ಬಟ್ಟೆಯ ಬಂಡೋಲಿಯರಿನಲ್ಲಿ ಹಾಕಿಕೊಳ್ಳುತ್ತಿದ್ದ. ಅದು ಐದು ಜೇಬಿನ ತೆಳು ಪಟ್ಟಿ, 50 ಗುಂಡು ಹಿಡಿಸುತ್ತದೆ, ಹೆಗಲಿಗೆ ಅಡ್ಡ ಹಾಕುವಂಥದ್ದು. ಪೌಚು ಖಾಲಿ ಬಿಡಬೇಡಿ, ಪೇಪರ್ ಉಂಡೆ ಮಾಡಿ ತುರುಕಲೂ ಬೇಡಿ. ಖಾಲಿ ಪೌಚು ಜೋಲುತ್ತದೆ, ದೂರದಿಂದಲೇ ಗೊತ್ತಾಗುತ್ತದೆ. ಖಾಲಿ ಮ್ಯಾಗಜೀನ್ ಸಿಗದಿದ್ದರೆ ಅದೇ ಅಳತೆಯ ಮರದ ತುಂಡು ಮಾಡಿಸಿ ಇಡಿ, ತೂಕವೂ ಇರುತ್ತದೆ. ನಿಜವಾದ ಗುಂಡು ಮಾತ್ರ ಯಾವ ಕಾರಣಕ್ಕೂ ಹತ್ತಿರ ಇರಬಾರದು. ಶಬ್ದದ ಗುಂಡು (ಸದ್ದು ಮಾತ್ರ ಮಾಡುವ ಬ್ಲಾಂಕ್) ಎಷ್ಟು, ಎಲ್ಲಿ ಇಡಬೇಕು ಅನ್ನುವುದನ್ನು ನಿಮ್ಮ ಗುಂಪಿನ ಸುರಕ್ಷತಾ ಹೊಣೆಗಾರರು ಹೇಳುತ್ತಾರೆ, ಅವರ ಮಾತೇ ಕೊನೆ.

ಪೌಚಿನ ಮುಚ್ಚಳವನ್ನು ನೋಡದೆ ತೆಗೆದು ಮುಚ್ಚುವುದನ್ನು ಅಭ್ಯಾಸ ಮಾಡಿ. ಒಂದೇ ಕೈಯಲ್ಲಿ, ಮಲಗಿಕೊಂಡು. ಯಶವಂತ ಘಾಡ್ಗೆ ಅವರ ವಿಷಯ ಮೇಲೆ ಹೇಳಿದೆನಲ್ಲ, ಅವತ್ತು ಅವರ ಜೊತೆಗಿದ್ದ ಸೆಕ್ಷನ್ನಿನವರೆಲ್ಲ ಬಿದ್ದುಹೋಗಿದ್ದರು. ಒಬ್ಬರೇ ಮಷಿನ್ ಗನ್ನಿನ ಮೇಲೆ ನುಗ್ಗಿದರು. ಮ್ಯಾಗಜೀನ್ ಬದಲಿಸಲು ಸಮಯ ಸಿಗದೆ, ಕೈಯಲ್ಲಿದ್ದ ಗನ್ನನ್ನು ನಳಿಗೆಯ ಕಡೆಯಿಂದ ಹಿಡಿದು ಅದರಲ್ಲೇ ಹೊಡೆದು ಕಾದಾಡಿದರು. ಆಮೇಲೆ ಗುಂಡೇಟಿಗೆ ಸಿಕ್ಕಿ ತೀರಿಕೊಂಡರು. ಪೌಚು ಎಲ್ಲಿರಬೇಕು, ಎಷ್ಟು ಬೇಗ ತೆರೆಯಬೇಕು ಅಂತ ಜನ ಕೇಳಿದಾಗ ಇದನ್ನು ಹೇಳಿ. ಈ ಸಾಮಾನಿನ ಬೆಲೆ ಅವರಿಗೆ ಕೂಡಲೇ ತಿಳಿಯುತ್ತದೆ.

6. ನೀರು

ಬಲಗಡೆಯ ಎರಡು ಬಾಲಗಳಿಗೆ ಬಾಟಲಿಯ ಹಿಡಿಕೆಯ ಎರಡು ಬಕಲ್ ಸೇರಿಸಿ. ಬಾಟಲಿ ಬೆಲ್ಟಿಗೆ ಅಂಟಿದ ಹಾಗೆ ಮೇಲೆ ಇರಲಿ. ಕೆಳಗೆ ಇಳಿದರೆ ಓಡುವಾಗ ತೊಡೆಗೆ ಬಡಿಯುತ್ತದೆ.

ಆ ಕಾಲದ ಬಾಟಲಿ ಎನಾಮಲ್ ಬಳಿದ ಕಬ್ಬಿಣದ್ದು, ಸುಮಾರು 2 ಪಿಂಟ್, ಅಂದರೆ ಒಂದು ಲೀಟರಿಗೆ ಸ್ವಲ್ಪ ಜಾಸ್ತಿ ಹಿಡಿಸುತ್ತದೆ. ಹೊರಗೆ ದಪ್ಪ ಉಣ್ಣೆಯ ಹೊದಿಕೆ. ಹೊದಿಕೆಯನ್ನು ನೆನೆಸಿಟ್ಟರೆ ನೀರು ಆರುತ್ತಾ ಆರುತ್ತಾ ಒಳಗಿನದು ತಣ್ಣಗಾಗುತ್ತದೆ, ನಮ್ಮ ಮನೆಯ ಮಣ್ಣಿನ ಹೂಜಿಯ ಹಾಗೆ. ಬೇಸಿಗೆಯ ಮೈದಾನದಲ್ಲಿ ಇದನ್ನು ಮಾಡಿ ನೋಡಿ.

ಆದರೆ ಅಸಲಿ ಬಾಟಲಿಯಿಂದ ಕುಡಿಯಬೇಡಿ. ಒಳಗಿನ ಎನಾಮಲ್ ಎದ್ದು ತುಕ್ಕು ಹಿಡಿದಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಹೊಸ ಬಾಟಲಿಗೆ ಉಣ್ಣೆಯ ಹೊದಿಕೆ ಹೊಲಿಸಿಕೊಳ್ಳಿ. ಒಂದು ಲೀಟರ್ ಇಡೀ ದಿನಕ್ಕೆ ಸಾಲದು, ಉಣ್ಣೆ ಬಟ್ಟೆಯಲ್ಲಿ ಬೆವರು ಕಿತ್ತುಕೊಂಡು ಬರುತ್ತದೆ. ಮತ್ತೆ ತುಂಬಿಸಿಕೊಳ್ಳುವ ಜಾಗ ಎಲ್ಲಿದೆ ಅಂತ ಬೆಳಿಗ್ಗೆಯೇ ಕೇಳಿಟ್ಟುಕೊಳ್ಳಿ. ತಲೆ ಸುತ್ತಿದರೆ ಪಕ್ಕದವರಿಗೆ ಹೇಳಿ ಕೂತುಬಿಡಿ, ಕಾಳಗ ನಿಮಗಾಗಿ ನಿಲ್ಲಬೇಕಾಗಿಲ್ಲ.

7. ಸಣ್ಣ ಪ್ಯಾಕ್ ತುಂಬುವುದು

ಒಂದು ಅಡಿಯೂ ಅಗಲವಿಲ್ಲದ ಚೀಲ ಇದು. ಒಳಗೆ ಒಂದು ಅಡ್ಡಗೋಡೆ ಇದೆ. ಒಂದು ಭಾಗದಲ್ಲಿ ಊಟದ ಡಬ್ಬಿಗಳು, ಇನ್ನೊಂದು ಭಾಗದಲ್ಲಿ ಮೃದುವಾದ ಸಾಮಾನು. ಊಟದ ಡಬ್ಬಿ ಅಂದರೆ ಒಂದರೊಳಗೊಂದು ಕೂಡುವ ಎರಡು ಚೌಕ ತಟ್ಟೆ, ಮಡಚುವ ಹಿಡಿಕೆ ಇರುವಂಥದ್ದು.

ಬೆನ್ನಿಗೆ ತಾಗುವ ಕಡೆ ಮೊದಲು ಟವೆಲ್, ಒಂದು ಜೊತೆ ಕಾಲುಚೀಲ, ಉಣ್ಣೆಯ ಜೆರ್ಸಿ ಇಡಿ. ಡಬ್ಬಿ ನೇರ ಬೆನ್ನಿಗೆ ತಾಗಿದರೆ ಸಂಜೆಯ ಹೊತ್ತಿಗೆ ಮೂಳೆ ಕೆಂಪಗಾಗಿರುತ್ತದೆ. ಡಬ್ಬಿಯ ಒಳಗೆ ಖಾಲಿ ಬಿಡಬೇಡಿ, ಗಲಗಲ ಸದ್ದು ಬರುತ್ತದೆ. ಅದರಲ್ಲಿ ಚಹಾ ಪುಡಿ, ಸಕ್ಕರೆಯ ಪೊಟ್ಟಣ, ತಿನ್ನಲು ಏನಾದರೂ. ಭಾರತೀಯ ಪಡೆಗಳ ಊಟಕ್ಕೆ ಗೋಧಿ ಹಿಟ್ಟು, ಬೇಳೆ, ತುಪ್ಪ ಬರುತ್ತಿತ್ತು, ಅದನ್ನು ಬೇಯಿಸುತ್ತಿದ್ದದ್ದು ಲಂಗರಿನಲ್ಲಿ, ಅಂದರೆ ಪಡೆಯ ಅಡುಗೆಮನೆಯಲ್ಲಿ. ಕೈಯಲ್ಲಿ ಒಯ್ಯಲು ಶಕ್ಕರ್‌ಪಾರಾ ಕೊಡುತ್ತಿದ್ದುದೂ ಉಂಟು. ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ದೀಪಾವಳಿಗೆ ಮಾಡುವ ಶಂಕರಪಾಳಿ ಇದೆಯಲ್ಲ, ಅದೇ. ಮನೆಯಲ್ಲಿ ಮಾಡಿ ಬಟ್ಟೆಯ ಚೀಲದಲ್ಲಿ ಕಟ್ಟಿಕೊಂಡು ಹೋಗಿ. ಮಕ್ಕಳು ಸುತ್ತ ನೆರೆದಾಗ ಬಿಚ್ಚಿ ತೋರಿಸಲು ಇದಕ್ಕಿಂತ ಒಳ್ಳೆಯ ಸಾಮಾನಿಲ್ಲ.

ನೆಲಹಾಸನ್ನು (ಮಳೆಗೆ ಹೊದೆಯಲೂ ಆಗುವ ರಬ್ಬರು ಬಳಿದ ಬಟ್ಟೆ) ಚಪ್ಪಟೆಯಾಗಿ ಮಡಚಿ ಮೇಲಿನ ಮುಚ್ಚಳದ ಅಡಿಗೆ ಹಾಕಿ. ಎನಾಮಲ್ ಲೋಟವನ್ನು ಮುಚ್ಚಳದ ಪಟ್ಟಿಗೆ ಪೋಣಿಸಬಹುದು. ಫೋಟೋಗಳಲ್ಲಿ ಹಾಗೆ ಕಾಣುತ್ತದೆ.

ಈಗಿನ ಕಾಲದ ಸಾಮಾನು ಎಲ್ಲಿಡೋದು ಅನ್ನುವುದೇ ಎಲ್ಲರ ಚಿಂತೆ, ಅಲ್ವಾ? ಫೋನು, ಕಾರಿನ ಬೀಗದ ಕೈ, ಕಾರ್ಡನ್ನು ಟವೆಲ್ಲಿನಲ್ಲಿ ಸುತ್ತಿ ಪ್ಯಾಕಿನ ತಳಕ್ಕೆ ಹಾಕಿ. ಔಷಧಿ ಮಾತ್ರ ಅಲ್ಲಿ ಬೇಡ. ಬೆನ್ನಿನ ಪ್ಯಾಕನ್ನು ನೀವೇ ಬಿಚ್ಚಲು ಆಗುವುದಿಲ್ಲ. ಇನ್‌ಹೇಲರ್, ಮಧುಮೇಹದವರ ಸಿಹಿ ಮಾತ್ರೆ ಇವೆಲ್ಲ ಅಂಗಿಯ ಎದೆ ಜೇಬಿನಲ್ಲಿ ಇರಲಿ, ಇಲ್ಲವೇ ಎಡ ಪೌಚಿನಲ್ಲಿ. ಎಲ್ಲಿದೆ ಅಂತ ಪಕ್ಕದ ಇಬ್ಬರಿಗೆ ಗೊತ್ತಿರಲಿ. ಇದರಲ್ಲಿ ಅಸಲಿತನ ನೋಡಲು ಹೋಗಬೇಡಿ. ನೈಲಾನ್ ಚೀಲವನ್ನು ಮಾತ್ರ ಡೇರೆಯಿಂದ ಹೊರಗೆ ತರಬೇಡಿ. ಉಳಿದೆಲ್ಲ ಸರಿಯಾಗಿದ್ದು ಹೆಗಲಿಗೊಂದು ನೈಲಾನ್ ಚೀಲ ಕಂಡರೆ ನೋಡುವವರ ಕಣ್ಣು ಅಲ್ಲಿಗೇ ಹೋಗುತ್ತದೆ.

ಪ್ಯಾಕನ್ನು ಬೆನ್ನಿಗೆ ಏರಿಸುವುದು ಹೀಗೆ. ಎಲ್ ಪಟ್ಟಿಯ ಅಗಲ ಭಾಗ ಪ್ಯಾಕಿನ ಮೇಲ್ತುದಿಯ ಬಕಲಿಗೆ. ಅದು ಹೆಗಲ ಮೇಲೆ ಬಂದು ಪೌಚಿನ ಮೇಲಿನ ಬಕಲಿಗೆ ಕೊಕ್ಕೆ ಹಾಕುತ್ತದೆ. ಅಲ್ಲಿಂದ ಸಣ್ಣ ಬಾಲ ಕಂಕುಳ ಕೆಳಗೆ ಹಿಂದಕ್ಕೆ ಹೋಗಿ ಪ್ಯಾಕಿನ ತಳದ ಬಕಲಿಗೆ ಸೇರುತ್ತದೆ. ಈ ಬಾಲವನ್ನು ಬಿಗಿಯಾಗಿ ಎಳೆದರೆ ಪ್ಯಾಕ್ ಬೆನ್ನಿಗೆ ಅಪ್ಪಿಕೊಳ್ಳುತ್ತದೆ. ಪೌಚು ಹಾಕದೆ ಪ್ಯಾಕ್ ಮಾತ್ರ ಹಾಕಲು ಹೋದರೆ ಕೊಕ್ಕೆಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ, ಪಟ್ಟಿ ಕುತ್ತಿಗೆಗೆ ಒತ್ತುತ್ತದೆ. ಪೌಚಿಲ್ಲದ ಅಧಿಕಾರಿ, ಸಿಗ್ನಲ್‌ನವರಿಗಾಗಿ ಬೆಲ್ಟಿಗೆ ಹಾಕುವ ಸಣ್ಣ ಬಕಲಿನ ತುಂಡುಗಳು ಬೇರೆ ಇವೆ. ಅಂಗಡಿಯಲ್ಲಿ ಬ್ರೇಸ್ ಅಟ್ಯಾಚ್‌ಮೆಂಟ್ ಅಂತ ಕೇಳಿ.

8. ಬಣ್ಣ

ಬ್ಲಾಂಕೋ ಅನ್ನುವುದು ಪಟ್ಟಿಗಳಿಗೆ ತಿಕ್ಕುವ ಬಣ್ಣದ ಬಿಲ್ಲೆ. ಬ್ರಷ್ ಒದ್ದೆ ಮಾಡಿ ಬಿಲ್ಲೆಗೆ ಉಜ್ಜಿ ಪಟ್ಟಿಗೆ ಹಚ್ಚುತ್ತಿದ್ದರು. ಖಾಕಿ ಹಸಿರಿನಲ್ಲೇ ಹಲವು ಛಾಯೆ ಇವೆ. ನಿಮ್ಮ ಗುಂಪು ಯಾವುದು ಹಚ್ಚುತ್ತದೋ ಅದನ್ನೇ ಹಚ್ಚಿ. ಮೊದಲು ಪಟ್ಟಿಯ ಒಳಮುಖದಲ್ಲಿ ಹಚ್ಚಿ ಒಣಗಿಸಿ ನೋಡಿ, ಒಣಗಿದ ಮೇಲೆ ಬಣ್ಣ ತಿಳಿಯಾಗುತ್ತದೆ. ಅಸಲಿ ಸಾಮಾನಿನ ಮುದ್ರೆಯ ಮೇಲೆ ಮಾತ್ರ ಹಚ್ಚಬೇಡಿ.

ಯುದ್ಧಭೂಮಿಯ ಸಿಪಾಯಿಯಾದರೆ ಹಿತ್ತಾಳೆಯನ್ನು ಹೊಳೆಯುವ ಹಾಗೆ ತಿಕ್ಕುವುದು ಬೇಡ.

9. ಮನೆಯ ಹತ್ತಿರವೇ ಪರೀಕ್ಷೆ ಮಾಡಿ

ಎಲ್ಲಾ ಹಾಕಿಕೊಂಡು, ಪೌಚಿಗೆ ತೂಕ ತುಂಬಿ, ನೀರು ತುಂಬಿ, ಹಿತ್ತಲಿನಲ್ಲಿ ಒಂದು ಗಂಟೆ ಇರಿ. ರೈಫಲ್ಲೇ ಸುಮಾರು 4 ಕಿಲೋ, ಉಕ್ಕಿನ ಟೊಪ್ಪಿಗೆ ಒಂದು ಕಿಲೋ ಮೇಲೆ. ಒಟ್ಟು ತೂಕ ಎಷ್ಟು ಅಂತ ಮೈಗೆ ಗೊತ್ತಾಗುವುದು ಅರ್ಧ ಗಂಟೆ ಕಳೆದ ಮೇಲೆ.

ನಡೆಯಿರಿ, ಸಣ್ಣಗೆ ಓಡಿ, ಮಂಡಿಯೂರಿ, ಮಲಗಿ ಗುರಿ ಹಿಡಿಯಿರಿ, ಎದ್ದೇಳಿ. ಮಲಗಿದಾಗ ಎರಡು ತೊಂದರೆ ಬಂದೇ ಬರುತ್ತವೆ. ಪ್ಯಾಕ್ ತೀರಾ ಮೇಲಿದ್ದರೆ ಟೊಪ್ಪಿಗೆಯ ಹಿಂಬದಿಯನ್ನು ತಳ್ಳಿ ಕಣ್ಣಿನ ಮೇಲೆ ಬೀಳಿಸುತ್ತದೆ. ಎಲ್ ಪಟ್ಟಿಯನ್ನು ಬೆರಳಗಲ ಸಡಿಲಿಸಿ, ಕೆಳಗೆ ಇಳಿಸಿ. ಎರಡನೆಯದು ಪೌಚಿನದು. ಅವು ಹೊಟ್ಟೆಯ ಅಡಿಗೆ ಸಿಕ್ಕಿ ನೆಲಕ್ಕೆ ಅಂಟಿಕೊಳ್ಳಲು ಬಿಡುವುದಿಲ್ಲ. ಇದಕ್ಕೆ ಪೂರ್ತಿ ಪರಿಹಾರ ಇಲ್ಲ, ಆಗಿನವರಿಗೂ ಇದೇ ದೂರಿತ್ತು. ಪೌಚುಗಳನ್ನು ಒಂದೊಂದು ಇಂಚು ಹೊರಗೆ ಸರಿಸಿದರೆ ಅಷ್ಟಿಷ್ಟು ಸುಧಾರಿಸುತ್ತದೆ. ಬಯೋನೆಟ್ಟಿನ ಒರೆ ಕಾಲಿಗೆ ತೊಡರುತ್ತಿದ್ದರೆ ಫ್ರಾಗನ್ನು ಸ್ವಲ್ಪ ಹಿಂದಕ್ಕೆ ತಳ್ಳಿ. 17 ಇಂಚಿನ ಉದ್ದ ಬಯೋನೆಟ್ ಇದ್ದವರಿಗೆ ಈ ತೊಂದರೆ ಜಾಸ್ತಿ. ಭಾರತದಲ್ಲಿ ತಯಾರಾದ 12 ಇಂಚಿನ ಗಿಡ್ಡ ಮಾದರಿ ನಮ್ಮ ಸಿಪಾಯಿಗೆ ಒಪ್ಪುತ್ತದೆ, ಹೊರಲೂ ಸುಲಭ.

ಬೆರಳು ಜೋಮು ಹಿಡಿದರೆ ಹೆಗಲುಪಟ್ಟಿ ಬಿಗಿಯಾಗಿದೆ ಅಂತ ಅರ್ಥ. ಸೊಂಟ ನೋವು ಬಂದರೆ ಬೆಲ್ಟು ಸಡಿಲವಾಗಿ ಭಾರವೆಲ್ಲ ಜೋಲುತ್ತಿದೆ ಅಂತ. ಸರಿಮಾಡಿದ ಮೇಲೆ ಪಟ್ಟಿಯ ಒಳಮುಖದಲ್ಲಿ ಪೆನ್ಸಿಲಿನಿಂದ ಗುರುತು ಮಾಡಿ. ಮುಂದಿನ ಸಲ ಮೊದಲಿನಿಂದ ಶುರು ಮಾಡಬೇಕಾಗಿಲ್ಲ.

10. ಒಯ್ಯುವುದು, ಒಣಗಿಸುವುದು

ಬ್ರಿಟನ್ನಿನಲ್ಲಿ ಸರಿಯಾದ ಕಾರಣವಿಲ್ಲದೆ ಬಂದೂಕಿನ ಹಾಗೆ ಕಾಣುವ ವಸ್ತುವನ್ನಾಗಲಿ, ಬಯೋನೆಟ್ಟನ್ನಾಗಲಿ ಸಾರ್ವಜನಿಕ ಜಾಗದಲ್ಲಿ ಒಯ್ಯುವುದು ಅಪರಾಧ. ರೈಲಿನಲ್ಲಿ ಪೂರ್ತಿ ಸಜ್ಜಿನಲ್ಲಿ ಹೋಗುವ ಆಸೆ ಬಿಡಿ. ಮುಚ್ಚಿದ ಚೀಲದಲ್ಲಿಟ್ಟು ಕಾರಿನ ಡಿಕ್ಕಿಯಲ್ಲಿ ಬೀಗ ಹಾಕಿ. ಗುಂಪಿನ ಸದಸ್ಯತ್ವದ ಕಾರ್ಡ್, ಕಾರ್ಯಕ್ರಮದ ಕಾಗದ ಜೊತೆಗಿರಲಿ. ದಾರಿಯಲ್ಲಿ ಪೆಟ್ರೋಲ್ ಹಾಕಿಸಲು ಇಳಿದರೆ ಬಯೋನೆಟ್ ಸೊಂಟದಲ್ಲಿ ಇರಬಾರದು.

ಮನೆಗೆ ಬಂದ ರಾತ್ರಿಯೇ ಎಲ್ಲವನ್ನೂ ಬಿಚ್ಚಿ ಹರಡಿ. ಎಷ್ಟೇ ಸುಸ್ತಾಗಿದ್ದರೂ ಒದ್ದೆ ಪಟ್ಟಿಯನ್ನು ಚೀಲದೊಳಗೇ ಬಿಡಬೇಡಿ, ಅಲ್ಲಿನ ಹವೆಗೆ ಬೇಗ ಬೂಸು ಹಿಡಿಯುತ್ತದೆ. ಕೆಸರು ಒಣಗಲಿ, ಆಮೇಲೆ ಬ್ರಷ್ಷಿನಿಂದ ಉದುರಿಸಿ. ವಾಷಿಂಗ್ ಮಷಿನ್ನಿಗೆ ಹಾಕಬೇಡಿ. ನೇಯ್ಗೆ ಕುಗ್ಗಿ ಬಕಲಿನಲ್ಲಿ ಪಟ್ಟಿ ಓಡದ ಹಾಗಾಗುತ್ತದೆ. ಹೀಟರಿನ ಮೇಲೂ ಬೇಡ, ಗಾಳಿ ಆಡುವ ಕಡೆ ನೆರಳಿನಲ್ಲಿ ತೂಗುಹಾಕಿ. ಬಾಟಲಿಯ ಬಿರಡೆ ತೆಗೆದು ಬೋರಲು ಹಾಕಿ. ಪ್ಯಾಕಿನ ತಳದಲ್ಲಿ ಶಂಕರಪಾಳಿಯ ಚೂರು ಉಳಿದಿದ್ದರೆ ಕೊಡವಿ, ಇಲ್ಲದಿದ್ದರೆ ಇಲಿ ಅದಕ್ಕಾಗಿ ಕ್ಯಾನ್ವಾಸನ್ನೇ ಕಡಿಯುತ್ತದೆ.